ಕಾಯುವುದೂ ಒಂದು ಕೆಲಸವೇ?

ಯುದ್ಧಕಾಲದ ಪ್ರೇಮಕಥೆ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ. ಅಡ್ಡಿ ಆತಂಕಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮಾಮೂಲಿ ಪ್ರೇಮಕಥೆಗೆ ಒಬ್ಬ ಸಿಡುಕು ಅಪ್ಪ ಬೇಕು, ಅಮೆರಿಕದಿಂದ ಬಂದಿಳಿಯುವ ಸೋದರತ್ತೆಯ ಮಗ ಬೇಕು, ಅಷ್ಟೂ ಸಾಲದೆ ಬಂದರೆ ಇಂಟರ್ವಲ್ ಆದಮೇಲೆ ಒಂದು ಕ್ಯಾನ್ಸರ್ ಬೇಕು. ಯುದ್ಧದ ಕಥೆಯಲ್ಲಿ ಇದನ್ನೆಲ್ಲ ಸರ್ಕಾರವೇ ವಹಿಸಿಕೊಳ್ಳುತ್ತದೆ. ಒಂದು ತಂತಿ ಬಂತು, ನಾಯಕ ಹೊರಟ. ಇನ್ನೊಂದು ತಂತಿ ಬಂತು, ನಾಯಕ ಹೋದ. ಬರೆಯುವವನಿಗೆ ಮೈಮುರಿಯುವ ಕೆಲಸವಿಲ್ಲ. ಈ ಪುಕ್ಕಟೆ ಅನುಕೂಲದಿಂದಲೇ ಇಂಥ ಕಥೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟುಹೋಗಿವೆ ಎಂದು ನನಗೆ ಗುಮಾನಿ.

ಗುಮಾನಿ ಹುಟ್ಟಿಸಿದವಳು ನನ್ನ ಅಕ್ಕನ ಮಗಳು. ಸಿನಿಮಾ ಓದುತ್ತಿದ್ದಾಳೆ. ಕೊನೆಯ ವರ್ಷದಲ್ಲಿ ಹದಿನೈದು ನಿಮಿಷದ ಒಂದು ಚಿತ್ರ ಮಾಡಿ ಒಪ್ಪಿಸಬೇಕು. ಇವಳ ತಂಡ ಆರಿಸಿಕೊಂಡದ್ದು ಎರಡನೇ ಮಹಾಯುದ್ಧ ಮತ್ತು ಪ್ರೀತಿ. ಜಗತ್ತಿನ ಅರ್ಧ ಭೂಪಟವನ್ನು ಹದಿನೈದು ನಿಮಿಷಕ್ಕೆ ಮಡಚಬೇಕು. ಕೈಯಲ್ಲಿರುವುದು ಬಾಡಿಗೆ ಕ್ಯಾಮೆರಾ ಮತ್ತು ಗೆಳೆಯನೊಬ್ಬನ ಓಮ್ನಿ. ಮಾಮ ಕಥೆ ಬರೆಯುತ್ತಾರೆ ಎಂಬ ಕಾರಣಕ್ಕೆ ತಂಡ ನಮ್ಮ ಮನೆಗೆ ಬರತೊಡಗಿತು. ನನ್ನ ಹೆಂಡತಿ ಮಾಡುವ ಹುರಿದ ಅವಲಕ್ಕಿಯೂ ಒಂದು ಕಾರಣವಿದ್ದಿರಬೇಕು, ಏಕೆಂದರೆ ಅವಲಕ್ಕಿ ಡಬ್ಬಿ ಖಾಲಿಯಾದ ಮೇಲೆ ಕಥೆಯ ಚರ್ಚೆ ಯಾವತ್ತೂ ಮುಂದುವರಿದದ್ದಿಲ್ಲ. ನಮ್ಮ ಹುಡುಗಿ ಡೈರೆಕ್ಟರು. ಒಬ್ಬ ಕ್ಯಾಮೆರಾದವನು, ಒಬ್ಬ ಹೀರೊ, ಮತ್ತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಸುಮ್ಮನೆ ಕೂರುವ ಒಬ್ಬ ಸೌಂಡಿನವನು.

ಮೊದಲ ಕಥೆಯನ್ನು ಡೈರೆಕ್ಟರು ಓದಿದಳು. ಇಸವಿ 1942. ಮಳೆ. ಆರ್ಯನ್ ಎಂಬ ಯುವಕ ಸಮವಸ್ತ್ರದಲ್ಲಿ ನಿಂತಿದ್ದಾನೆ. ಅದಿತಿ ಎಂಬ ಯುವತಿ ಕಿಟಕಿಯಲ್ಲಿ. ಅವನು ಹೊರಡುತ್ತಾನೆ. ಮಳೆ ಜೋರಾಗುತ್ತದೆ. ಪತ್ರ ಬರುತ್ತದೆ. ಪತ್ರ ಬರುವುದು ನಿಲ್ಲುತ್ತದೆ. ಮಳೆಯೂ ನಿಲ್ಲುತ್ತದೆ. ಅದಿತಿ ಕಿಟಕಿಯಲ್ಲೇ ಇದ್ದಾಳೆ.

"ಈ ಹುಡುಗಿ ಏನು ಕೆಲಸ ಮಾಡ್ತಾಳೆ?" ಅಂದೆ.

"ಕಾಯ್ತಾಳೆ, ಮಾಮ."

"ಸರಿ. ಕಾಯೋದರ ಜೊತೆಗೆ?"

ಮೂವರೂ ಮುಖ ಮುಖ ನೋಡಿಕೊಂಡರು. "ತುಂಬಾ ಕಾಯ್ತಾಳೆ ಸರ್," ಎಂದ ಹೀರೊ.

ಅಲ್ಲಿಂದ ಶುರುವಾಯಿತು ನನ್ನ ಉಪದೇಶ. ಕಾಯುವುದು ಕೆಲಸವಲ್ಲ. ಕಾಯುವವರೂ ನಡುವೆ ರಾಗಿ ಬೀಸುತ್ತಾರೆ, ಸೀಮೆಎಣ್ಣೆಗೆ ಸಾಲು ನಿಲ್ಲುತ್ತಾರೆ, ಜಗಳ ಆಡುತ್ತಾರೆ, ಸಾಲ ತೀರಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕೈಗೆ ಒಂದು ಕೆಲಸ ಕೊಡದೆ ಪಾತ್ರಕ್ಕೆ ಪ್ರೀತಿಯನ್ನು ಮಾತ್ರ ಕೊಟ್ಟರೆ ಅದು ಕಿಟಕಿ ಬಿಟ್ಟು ಅಲ್ಲಾಡುವುದಿಲ್ಲ. ನಮ್ಮದೇ 'ಮುತ್ತಿನ ಹಾರ' ನೋಡಿ ಎಂದೆ. 1990ರ ಚಿತ್ರ, ರಾಜೇಂದ್ರ ಸಿಂಗ್ ಬಾಬು ಅವರದು. ಕೊಡಗಿನ ಅಚ್ಚಪ್ಪನಾಗಿ ವಿಷ್ಣುವರ್ಧನ್, ಅನ್ನಪೂರ್ಣೆಯಾಗಿ ಸುಹಾಸಿನಿ. ಅನ್ನಪೂರ್ಣೆ ಸೈನ್ಯದ ನರ್ಸು. ಆಕೆಗೊಂದು ಉದ್ಯೋಗವಿದೆ, ಆ ಉದ್ಯೋಗವೇ ಆಕೆಯನ್ನು ಅಚ್ಚಪ್ಪನ ಹತ್ತಿರಕ್ಕೆ ತರುತ್ತದೆ. 'ಕಾಸಾಬ್ಲಾಂಕಾ'ದಲ್ಲಿ ಕೂಡ ನಾಯಕ ರಿಕ್ ಹೋಟೆಲು ನಡೆಸುವವನು. ನಾವು ಮೊದಲು ಅವನ ಮುಖವನ್ನೇ ನೋಡುವುದಿಲ್ಲ, ಹಣದ ಚೀಟಿಗೆ ಸಹಿ ಹಾಕುವ ಅವನ ಕೈ ನೋಡುತ್ತೇವೆ. ಲೋಕವಿಖ್ಯಾತ ಪ್ರೇಮಿ, ಆದರೆ ಲೆಕ್ಕ ಬಿಟ್ಟವನಲ್ಲ.

'ಕಾಸಾಬ್ಲಾಂಕಾ' ಹೆಸರೆತ್ತಿದ್ದರಿಂದ ಒಂದು ಉಪಕಾರವಾಯಿತು. 1942ರಲ್ಲಿ ಚಿತ್ರೀಕರಣ ಶುರುವಾದಾಗ ಅದರ ಚಿತ್ರಕಥೆ ಪೂರ್ತಿಯಾಗಿರಲಿಲ್ಲ. ಕೊನೆಗೆ ತಾನು ಯಾರ ಜೊತೆ ಹೋಗಬೇಕು ಎಂಬುದು ಗೊತ್ತಿಲ್ಲದೆಯೇ ನಟಿಸಿದೆ ಎಂದು ಇಂಗ್ರಿಡ್ ಬರ್ಗ್‌ಮನ್ ಆಮೇಲೆ ಹೇಳಿಕೊಳ್ಳುತ್ತಿದ್ದರು. ಕೊನೆಯ ದೃಶ್ಯದಲ್ಲಿ ಮಂಜಿನ ಹಿಂದೆ ನಿಂತಿರುವ ವಿಮಾನ ವಿಮಾನವೇ ಅಲ್ಲ, ಆಕಾರಕ್ಕೆ ಕತ್ತರಿಸಿ ನಿಲ್ಲಿಸಿದ ಚಿಕ್ಕ ಮಾದರಿ. ಅದು ದೊಡ್ಡದಾಗಿ ಕಾಣಲಿ ಎಂದು ಸುತ್ತ ಕುಳ್ಳರನ್ನು ಮೆಕ್ಯಾನಿಕ್ಕುಗಳಾಗಿ ಓಡಾಡಿಸಿದ್ದರು. ಇದನ್ನು ಕೇಳಿ ಕ್ಯಾಮೆರಾದವನ ಮುಖ ಅರಳಿತು. ಹಾಲಿವುಡ್ಡೇ ರಟ್ಟಿನಲ್ಲಿ ಕೆಲಸ ಮುಗಿಸಿದ್ದರೆ ಓಮ್ನಿಯಲ್ಲಿ ಓಡಾಡುವ ನಮಗೇನು ಕಡಿಮೆ ಎನ್ನುವ ಧೈರ್ಯ.

ಧೈರ್ಯ ಸ್ವಲ್ಪ ಹೆಚ್ಚಾಯಿತು. ಮುಂದಿನ ವಾರ ಇಟಲಿಯವನೊಬ್ಬ ಕಥೆಯೊಳಗೆ ಬಂದ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿಗೆ ತಂದು ಜಾಲಹಳ್ಳಿಯ ಕಡೆ ಶಿಬಿರಗಳಲ್ಲಿ ಇಟ್ಟಿದ್ದರು. ಅದು ನಿಜವಾದ ಇತಿಹಾಸ. ಆದರೆ ಈ ಕಥೆಯಲ್ಲಿ ಕೈದಿಗೆ ಜಾಲಹಳ್ಳಿಯ ಹುಡುಗಿಯ ಮೇಲೆ ಮನಸ್ಸಾಗುತ್ತದೆ, ಮುಳ್ಳುತಂತಿಯಾಚೆಯಿಂದ ಹಾಡುತ್ತಾನೆ. ಇಟಲಿಯವನ ಪಾತ್ರ ಮಾಡುವವರು ಯಾರು ಎಂದು ಕೇಳಿದೆ. ಕಾಲೇಜಿನಲ್ಲಿ ಪೋಲೆಂಡಿನ ಹುಡುಗನೊಬ್ಬ ಇದ್ದಾನಂತೆ. ಪೋಲೆಂಡಿಗೂ ಇಟಲಿಗೂ ಆ ಯುದ್ಧದಲ್ಲಿ ಎಣ್ಣೆ ಸೀಗೆಕಾಯಿ, ಅವನು ಒಪ್ಪುತ್ತಾನೆಯೇ ಎಂದೆ. ಊಟ ಕೊಡಿಸಿದರೆ ಒಪ್ಪುತ್ತಾನೆ ಎಂದ ಹೀರೊ. ತನ್ನ ಪಾತ್ರ ಕೈತಪ್ಪುತ್ತದೆ ಎಂಬುದು ಅವನಿಗೆ ಹೊಳೆದದ್ದು ಮಾರನೆಯ ದಿನ. ಆಮೇಲೆ ಇಟಲಿಯ ಕಥೆಯನ್ನು ಅವನೇ ಮುಂದೆ ನಿಂತು ಕೊಂದ.

ಹಾಗಾದರೆ ಯುದ್ಧ ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ಕೊಹಿಮಾಗೆ ಹೋಗುವಂತಿಲ್ಲ, ಬರ್ಮಾ ಕಟ್ಟುವಂತಿಲ್ಲ. ಆಗ ನನಗೆ ತಿಳಿದಿದ್ದ ಒಂದೇ ಒಳ್ಳೆಯ ಸಂಗತಿಯನ್ನು ಮೇಜಿನ ಮೇಲಿಟ್ಟೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಯುದ್ಧ ಬಿಸಿಯಾಗುತ್ತಿದ್ದಂತೆ ಭಾರತ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು, 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ರಿಪೇರಿ ಕಾರ್ಖಾನೆಯಾಯಿತು. ಅಲ್ಲಿಗೆ ಬರುತ್ತಿದ್ದ ವಿಮಾನಗಳಲ್ಲಿ ಕ್ಯಾಟಲೀನಾ ಎಂಬುದೊಂದು. ಅದು ನೀರಿನ ಮೇಲೆ ಇಳಿಯುವ ಜಾತಿ. ರೆಕ್ಕೆಯಿಂದ ರೆಕ್ಕೆಗೆ 104 ಅಡಿ. ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ಮೇಲೆ.

"ನಮ್ಮ ಬೆಳ್ಳಂದೂರಾ?" ಎಂದಳು ಡೈರೆಕ್ಟರು, ಗೊರಕೆ ಹೊಡೆಯುವ ಚಿಕ್ಕಪ್ಪ ಹಿಂದೊಮ್ಮೆ ಹೀರೊ ಆಗಿದ್ದನೆಂದು ಕೇಳಿದವಳ ಹಾಗೆ.

ನಮ್ಮದೇ ಬೆಳ್ಳಂದೂರು. ಈಗ ನೊರೆಗೆ ಹೆಸರಾದದ್ದು. 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರೇ ಬರಬೇಕಾಯಿತು. ಯುದ್ಧದ ದೃಶ್ಯಕ್ಕೆ ಬೇಕಾದ ಹೊಗೆ, ಬೆಂಕಿ, ಮಿಲಿಟರಿ ಮೂರನ್ನೂ ಅದು ತಾನೇ ಒದಗಿಸಬಲ್ಲದು, 1943 ಒಂದನ್ನು ಬಿಟ್ಟು. ಹಾಗಾಗಿ ಚಿತ್ರೀಕರಣಕ್ಕೆ ಕೋಲಾರದ ಕಡೆಯ ಒಂದು ಕೆರೆ ನೋಡಿಕೊಂಡು ಬಂದರು. ತುಂಬಿ ನಿಂತಿದೆ ಮಾಮ, ಕನ್ನಡಿ ಥರ ಇದೆ ಎಂದು ವರದಿ. ಆ ಕಡೆಯ ಕೆರೆಗಳಿಗೆ ಈಗ ನೀರು ಬರುವುದು ಇದೇ ಬೆಳ್ಳಂದೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ, ಸಂಸ್ಕರಿಸಿ ಪಂಪು ಮಾಡಿದ ಕೊಳಚೆ ನೀರು ಎಂದು ಹೇಳುವುದೋ ಬಿಡುವುದೋ ಎಂದು ಯೋಚಿಸಿ ಹೇಳಿಯೇಬಿಟ್ಟೆ. ಸೌಂಡಿನವನು ಮೊದಲ ಸಲ ಬಾಯಿಬಿಟ್ಟ: "ಹಾಗಾದ್ರೆ ನೀರಾದ್ರೂ ಒರಿಜಿನಲ್ಲೇ."

ಅವನು ಬಾಯಿಬಿಟ್ಟದ್ದು ಒಳ್ಳೆಯದಾಯಿತು. ವಿಮಾನವನ್ನು ಹೇಗೆ ತೋರಿಸುವುದು ಎಂದು ಕ್ಯಾಮೆರಾದವನು ರಟ್ಟು, ಗ್ರಾಫಿಕ್ಸು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ತೋರಿಸುವುದೇ ಬೇಡ ಎಂದವನು ಇವನು. ಎರಡು ಎಂಜಿನ್ನಿನ ಸದ್ದು ದೂರದಿಂದ ಬರಲಿ, ತಲೆಯ ಮೇಲೆ ಹಾದುಹೋಗಲಿ, ನಿಲ್ಲಲಿ. ಆಮೇಲೆ ಸ್ವಲ್ಪ ಹೊತ್ತಿಗೆ ಕೆರೆಯ ದಡದ ಒಗೆಯುವ ಕಲ್ಲಿಗೆ ಅಲೆಗಳು ಬಂದು ಬಡಿಯಲಿ. ಅಲೆ ಎಬ್ಬಿಸಲು ಚೌಕಟ್ಟಿನಾಚೆ ಮೂರು ಜನ ಹಲಗೆ ಹಿಡಿದು ನಿಂತರಾಯಿತು. ಹೀಗೆ ಕಥೆಗೆ ಒಂದು ಕಲ್ಲು ಬಂತು. ಕಲ್ಲು ಬಂದ ಮೇಲೆ ಅದರ ಮುಂದೆ ಬಟ್ಟೆ ಒಗೆಯುವವಳೊಬ್ಬಳು ಬರಲೇಬೇಕು.

ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ತಾಯಿಗೆ ತೊಂಬತ್ತು ದಾಟಿದೆ. ತವರು ಆ ಕೆರೆಯ ಸೀಮೆಯೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಜ್ಜಿ ಮೊದಲು ಹೀರೊನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವ ಇವ್ನು ಕೂದ್ಲು ಬಿಟ್ಟವ್ನೆ, ಹರಕೆನಾ?" ಎಂದು ವಿಚಾರಿಸಿದರು. ಡೈರೆಕ್ಟರು ಪುಸ್ತಕ ತೆಗೆದು, ಯುದ್ಧದ ಕಾಲದಲ್ಲಿ ಜನರ ಮನಸ್ಥಿತಿ ಹೇಗಿತ್ತು ಎಂದು ಕೇಳಿದಳು.

"ಮನಸ್ಥಿತಿ ಏನವ್ವ, ಸೋಪಿರ್ಲಿಲ್ಲ," ಎಂದರು ಅಜ್ಜಿ. "ಚೌಳು ಮಣ್ಣು ಹೊತ್ಕೊಂಡ್ ಬರೋದು, ನೆನೆಸೋದು, ಉಬ್ಬೆಗೆ ಹಾಕೋದು. ಸೌದೆ ಇಲ್ದಿದ್ರೆ ಉಬ್ಬೆನೂ ಇಲ್ಲ. ಮಿಲ್ಟ್ರಿಯೋರ ಬಟ್ಟೆ ಅಂದ್ರೆ ದಪ್ಪ, ಒಗೆದ್ರೆ ರಟ್ಟೆ ಬಿದ್ದೋಗೋದು. ನಂಗಾಗ ಹತ್ತೋ ಹನ್ನೊಂದೋ. ಹಿಂಡೋಕೆ ಒಂದು ತುದಿ ನಾನು, ಒಂದು ತುದಿ ನಮ್ಮವ್ವ."

ಅಷ್ಟು ಬಟ್ಟೆಯಲ್ಲಿ ಯಾರದು ಯಾವುದು ಎಂದು ಹೇಗೆ ಗೊತ್ತಾಗುತ್ತಿತ್ತು? ಅಜ್ಜಿ ಇಸ್ತ್ರಿ ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು ಹೊದಿಕೆಯ ಅಂಚಿನಲ್ಲಿ ಎರಡು ಚುಕ್ಕೆ ಇಟ್ಟು ಒಂದು ಓರೆಗೆರೆ ಎಳೆದರು. ಪಕ್ಕದಲ್ಲಿ ಮೂರು ಚುಕ್ಕೆ, ಕೆಳಗೊಂದು ಕೊಕ್ಕೆ. ಇದು ಒಬ್ಬರ ಮನೆಯದು, ಅದು ಇನ್ನೊಬ್ಬರದು. ಗುರುತಿಗೆ ಕರಿಗೇರಿನ ಕಾಯಿ. ಕಾಯಿಗೆ ಮೊನೆ ಚುಚ್ಚಿ ರಸವನ್ನು ಬಟ್ಟೆಯ ಒಳಅಂಚಿಗೆ ಇಟ್ಟು, ಮೇಲೆ ಸುಣ್ಣ ಸವರಿದರೆ ಕಪ್ಪಗೆ ಕೂರುತ್ತದೆ. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅಜ್ಜಿಯ ಹೆಬ್ಬೆರಳಿನ ಪಕ್ಕದಲ್ಲಿ ಹಳೆಯದೊಂದು ಕಲೆ ಇತ್ತು. ಅದನ್ನು ತೋರಿಸಿದಾಗ ಕ್ಯಾಮೆರಾದವನು ಅನುಮತಿಯನ್ನೂ ಕೇಳದೆ ಫೋನು ಹತ್ತಿರಕ್ಕೆ ತಂದ.

"ಬಟ್ಟೆ ತಗೊಳ್ಳೋಕೆ ಯಾರೂ ಬರದೆ ಹೋದ್ರೆ, ಅಜ್ಜಿ?"

"ಬರ್ದೇ ಇರೋರೂ ಇದ್ರು. ಎಲ್ಲಿಗೋ ಕಳಿಸ್ಬಿಡೋರಲ್ಲ ಅವ್ರನ್ನ. ಒಂದು ತಿಂಗ್ಳು ಇಟ್ಕೊಳ್ಳೋದು, ಎರಡು ತಿಂಗ್ಳು ಇಟ್ಕೊಳ್ಳೋದು. ಆಮೇಲೆ ಅಂಚು ಕತ್ತರಿಸಾಕಿ ಹುಡುಗ್ರಿಗೆ ಚಡ್ಡಿ ಹೊಲಿಸ್ತಿದ್ವಿ. ಒಳ್ಳೆ ಗಟ್ಟಿ ಬಟ್ಟೆ."

ಕೊಹಿಮಾ, ಟ್ಯಾಂಕು, ಬಾಂಬು ಎಂದು ಮೂರು ವಾರದಿಂದ ಕುಣಿಯುತ್ತಿದ್ದ ಮಕ್ಕಳು ಈ ಚಡ್ಡಿಯ ಮುಂದೆ ಗಪ್‌ಚಿಪ್ಪಾದರು. ಕೊನೆಗೆ ಹೀರೊ ಮೆಲ್ಲಗೆ, ಆಗೆಲ್ಲ ಯಾರಾದರೂ ಲವ್ ಮಾಡುತ್ತಿದ್ದರಾ ಎಂದ. ಅಜ್ಜಿ ಅವನನ್ನು ಕನಿಕರದಿಂದ ನೋಡಿದರು. "ಮಾಡ್ದೆ ಇರ್ತಾರಾ ಮಗ? ಮಾಡೋರು ಮಾಡೋರು, ಆಡ್ಕೊಳ್ಳೋರು ಆಡ್ಕೊಳ್ಳೋರು. ಬಟ್ಟೆ ಮಾತ್ರ ದಿನಾ ಇರೋದು."

ಅದಿತಿ ಅವತ್ತೇ ಮುನಿತಾಯಮ್ಮನಾದಳು. ಆರ್ಯನ್ ವಿಮಾನ ಕಾರ್ಖಾನೆಯ ಫಿಟ್ಟರನ ಕೈಕೆಳಗಿನ ಹೆಲ್ಪರ್ ಪಿಳ್ಳಪ್ಪನಾದ. ಹೀರೊಗೆ ಈ ನಾಮಕರಣ ರುಚಿಸಲಿಲ್ಲ. ಪೋಸ್ಟರಿನಲ್ಲಿ ಹೇಗೆ ಕಾಣುತ್ತದೆ ಸರ್ ಎಂದು ಎರಡು ದಿನ ಮುನಿಸು. ಸಮವಸ್ತ್ರವೂ ಹೋಯಿತಲ್ಲ! ಅದಕ್ಕಾಗಿ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮುಂಗಡ ಕೊಟ್ಟು ಬಂದಿದ್ದ. ಅಲ್ಲಿದ್ದದ್ದು ಪೊಲೀಸಿನವರ ಖಾಕಿ ಒಂದೇ, ಅದನ್ನು ತೊಟ್ಟರೆ ಪ್ರೇಮಿಗಿಂತ ಹೆಚ್ಚಾಗಿ ವಾರೆಂಟು ತಂದವನ ಹಾಗೆ ಕಾಣುತ್ತಾನೆ ಎಂದು ಕ್ಯಾಮೆರಾದವನು ಸಮಾಧಾನ ಮಾಡಿದ.

ಇಲ್ಲಿ ಒಂದು ಮಾತು ಕೇಳಲೇಬೇಕಿತ್ತು, ಕೇಳಿದೆ. ಇವಳು ಮಡಿವಾಳರ ಹುಡುಗಿ. ಪಿಳ್ಳಪ್ಪ ಯಾವ ಜನ? ಮಕ್ಕಳು ಕಸಿವಿಸಿಗೊಂಡರು. ಅದೆಲ್ಲ ಬೇಡ ಮಾಮ, ಯುದ್ಧ ಇದೆಯಲ್ಲ ಅಡ್ಡಿಗೆ ಎಂದಳು ಹುಡುಗಿ. ಯುದ್ಧ ನಡೆಯುತ್ತಿದೆ ಎಂದು ಜಾತಿ ರಜೆ ಹಾಕಿರಲಿಲ್ಲ ಎಂದೆ. ಅವನು ವರ್ತೂರಿನ ಕಡೆಯ ಒಕ್ಕಲು ಮನೆಯ ಹುಡುಗ ಎಂದು ಬರೆದುಕೊಂಡರು. ಕಥೆಯಲ್ಲಿ ಆ ಬಗ್ಗೆ ಒಂದು ಮಾತೂ ಬರುವುದಿಲ್ಲ. ಆದರೆ ಅವನು ಕಲ್ಲಿನಿಂದ ಎಷ್ಟು ದೂರ ನಿಲ್ಲುತ್ತಾನೆ ಎಂಬುದು ಆ ಒಂದು ಸಾಲಿನಿಂದ ತೀರ್ಮಾನವಾಯಿತು.

ಇಬ್ಬರೂ ಭೇಟಿಯಾಗಿ ಏನು ಮಾತಾಡುತ್ತಾರೆ ಎಂಬಲ್ಲಿ ಮತ್ತೆ ಗಾಡಿ ನಿಂತಿತು. ಡೈರೆಕ್ಟರು ಬರೆದ ಸಂಭಾಷಣೆಯಲ್ಲಿ ಪಿಳ್ಳಪ್ಪ ಚಂದ್ರನ ಬಗ್ಗೆ ಮಾತಾಡಿದ್ದ. ಹನ್ನೆರಡು ಗಂಟೆ ರಿವೆಟ್ಟು ಉಜ್ಜಿ ಬಂದವನಿಗೆ ಚಂದ್ರ ಯಾಕೆ? ಹಿಂದಿಯ ಚಂದ್ರಧರ ಶರ್ಮಾ ಗುಲೇರಿ 1915ರಲ್ಲಿ 'ಉಸ್‌ನೇ ಕಹಾ ಥಾ' ಎಂಬ ಕಥೆ ಬರೆದರು. ನಮ್ಮ ದೇಶದ ಯುದ್ಧದ ಪ್ರೇಮಕಥೆಗಳಿಗೆಲ್ಲ ಅದು ಹಿರಿಯಣ್ಣ. 1960ರಲ್ಲಿ ಅದೇ ಹೆಸರಿನ ಸಿನಿಮಾನೂ ಬಂತು. ಅದರಲ್ಲಿ ಅಮೃತಸರದ ಪೇಟೆಯಲ್ಲಿ ಹನ್ನೆರಡರ ಹುಡುಗ, ಎಂಟರ ಹುಡುಗಿ. ಅವನು ಬಂದಿರುವುದು ಮಾವನ ತಲೆ ತೊಳೆಯಲು ಮೊಸರಿಗೆ, ಅವಳು ಅಡುಗೆಗೆ ವಡಿ ತರಲು. ನಿಶ್ಚಯ ಆಯಿತಾ ಎಂದು ಹುಡುಗ ಚುಡಾಯಿಸುತ್ತಾನೆ, ಒಂದು ದಿನ ಹುಡುಗಿ ಹೌದು ಎನ್ನುತ್ತಾಳೆ. ಪ್ರೇಮ ಅಷ್ಟೇ. ಇಪ್ಪತ್ತೈದು ವರ್ಷದ ಮೇಲೆ ಯುರೋಪಿನ ಕಂದಕದಲ್ಲಿ ಆ ಹುಡುಗ ಅದಕ್ಕೆ ಪ್ರಾಣ ಕೊಡುತ್ತಾನೆ. ಮೊಸರಿಗೆ ಬಂದವನು ಎಂಬುದನ್ನು ಗುಲೇರಿ ಬಿಟ್ಟಿದ್ದರೆ ಕಂದಕದಲ್ಲಿ ಸತ್ತವನು ನಮಗೆ ಯಾರೋ ಆಗಿಬಿಡುತ್ತಿದ್ದ.

ರಷ್ಯದ ಚುಖ್ರಾಯ್ 1959ರಲ್ಲಿ ಮಾಡಿದ 'ಬ್ಯಾಲಡ್ ಆಫ್ ಎ ಸೋಲ್ಜರ್' ಹಾಕಿಸಿ ತೋರಿಸಿದೆ. ಹತ್ತೊಂಬತ್ತರ ಅಲ್ಯೋಷಾ ರಜೆ ಪಡೆದು ಅಮ್ಮನನ್ನು ನೋಡಲು ಹೊರಟಿದ್ದಾನೆ. ದಾರಿಯಲ್ಲಿ ಸಿಕ್ಕ ಸೈನಿಕನೊಬ್ಬ ತನ್ನ ಹೆಂಡತಿಗೆ ಕೊಡು ಎಂದು ಎರಡು ಸೋಪು ಕೊಟ್ಟು ಕಳಿಸುತ್ತಾನೆ. ಆ ಮನೆಗೆ ಹೋದರೆ ಅಲ್ಲಿ ಬೇರೊಬ್ಬ ಗಂಡಸು. ಕೊಟ್ಟ ಸೋಪನ್ನು ಹುಡುಗ ವಾಪಸು ಕಿತ್ತುಕೊಂಡು ಹೋಗಿ ಸೈನಿಕನ ಅಪ್ಪನಿಗೆ ಕೊಡುತ್ತಾನೆ. ಶೃಂಗಾರ, ದ್ರೋಹ, ಕ್ಷಾಮ ಎಲ್ಲಾ ಆ ಎರಡು ಸೋಪಿನಲ್ಲಿ. ಚೌಳು ಮಣ್ಣಿನ ಕಥೆ ಕೇಳಿ ಬಂದಿದ್ದ ನಮ್ಮ ತಂಡಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅವತ್ತು ರಾತ್ರಿ ಡೈರೆಕ್ಟರು ಫೋನು ಮಾಡಿದಳು. ಪಿಳ್ಳಪ್ಪನಿಗೆ ಇರುವುದು ಒಂದೇ ಅಂಗಿ, ಮಾಮ. ಎಣ್ಣೆ ಗ್ರೀಸು ಮೆತ್ತಿದ ಅದನ್ನು ತಾನೇ ಕೆರೆಯಲ್ಲಿ ಒಗೆಯಲು ಬರುತ್ತಾನೆ, ಕೆಟ್ಟದಾಗಿ ಒಗೆಯುತ್ತಾನೆ. ನೋಡಲಾರದೆ ಇವಳು ಕಿತ್ತುಕೊಂಡು ಒಗೆದುಕೊಡುತ್ತಾಳೆ. ಅವನು ಒಂದು ತೂತಿನ ಕಾಸು ಕೊಡುತ್ತಾನೆ. ಮುಂದಿನ ವಾರ ಅಂಗಿ ತೊಡುವಾಗ ಒಳಅಂಚಿನಲ್ಲಿ ಅವನಿಗೆ ಗುರುತು ಕಾಣುತ್ತದೆ. ಒಂದೇ ಅಂಗಿಗೆ ಗುರುತು ಯಾಕೆ ಹಾಕಬೇಕು?

ನಾನು ಏನೂ ಹೇಳಲಿಲ್ಲ. ಹೇಳಲು ಉಳಿದಿರಲೂ ಇಲ್ಲ.

ತೂತಿನ ಕಾಸು ಮಾತ್ರ ನನ್ನ ಕಾಣಿಕೆ. ಲೋಹ ಉಳಿಸಲೆಂದು 1943ರಿಂದ ನಡುವೆ ತೂತು ಬಿಟ್ಟು ಹೊಡೆದ ಪೈಸೆ ಅದು, ರೂಪಾಯಿಗೆ 64. ಒಂದು ಮುಖದಲ್ಲಿ ಕಿರೀಟ ಮತ್ತು ಇಸವಿ, ಇನ್ನೊಂದು ಮುಖದಲ್ಲಿ ತೂತಿನ ಸುತ್ತ ಎಲೆಬಳ್ಳಿ. ಹಳೆಯ ನಾಣ್ಯ ಮಾರುವವರ ಹತ್ತಿರ ಈಗಲೂ ಸಿಗುತ್ತದೆ. ಜನ ಅದನ್ನು ಮಕ್ಕಳ ಉಡಿದಾರಕ್ಕೆ ಪೋಣಿಸಿದ್ದರು, ವಾಷರ್ ಮಾಡಿ ಬಳಸಿದ್ದರು ಎಂಬ ಮಾತಿದೆ. ಕ್ಯಾಟಲೀನಾದ ಯಾವುದೋ ಬೋಲ್ಟಿನ ಕೆಳಗೆ ಪಿಳ್ಳಪ್ಪ ಒಂದನ್ನು ಸೇರಿಸಿರಬಹುದು ಎಂದು ಹೀರೊ ಕಲ್ಪಿಸಿದ. ಪಾತ್ರ ಅವನ ಮೈಗೆ ಹತ್ತುತ್ತಿದೆ ಎಂದು ಖುಷಿಯಾಯಿತು. ವಿಮಾನದವರ ಬಗ್ಗೆ ಸ್ವಲ್ಪ ಭಯವೂ ಆಯಿತು.

ಕೊನೆಯ ಬಗ್ಗೆ ದೊಡ್ಡ ಜಗಳ. ಡೈರೆಕ್ಟರಿಗೆ ಒಂದು ಸಾವು ಬೇಕು. ಹೆಲ್ಪರನನ್ನು ಎಲ್ಲಿ ಕೊಲ್ಲುವುದು? ಬೆಂಗಳೂರಿಗೆ ಬಾಂಬು ಬೀಳಲಿಲ್ಲ. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣಕ್ಕೆ, ಕಾಕಿನಾಡಕ್ಕೆ ಬಿತ್ತು. ಆ ವರ್ಷ ಡಿಸೆಂಬರಿನಲ್ಲಿ ಕಲ್ಕತ್ತಕ್ಕೂ ಬಿತ್ತು. ಅವನನ್ನು ಕಲ್ಕತ್ತಕ್ಕೆ ಕಳಿಸೋಣವೇ ಎಂದು ಕ್ಯಾಮೆರಾದವನು ರೈಲಿನ ಖರ್ಚು ಲೆಕ್ಕ ಹಾಕತೊಡಗಿದ. ಆಗ ಇನ್ನೊಂದು ದಾರಿ ಕಾಣಿಸಿತು. ಈ ಇಬ್ಬರಿಗೆ ಅನ್ನ ಕೊಡುತ್ತಿರುವುದೇ ಯುದ್ಧ. ವಿಮಾನ ಕೆಡುತ್ತಿರುವವರೆಗೆ ಅವನಿಗೆ ಸಂಬಳ, ಸೈನಿಕರು ಇರುವವರೆಗೆ ಅವಳಿಗೆ ಬಟ್ಟೆ. ಇವರಿಗೆ ಅಡ್ಡಬರುವುದು 1945ರ ಆಗಸ್ಟು. ಶಾಂತಿ! ವಿಮಾನಗಳು ಹೋಗುತ್ತವೆ, ಅಮೆರಿಕದವರು ಹೋಗುತ್ತಾರೆ. ಅದೇ ಕಾರ್ಖಾನೆ ಮುಂದೆ ರೈಲ್ವೆ ಬೋಗಿ ಮಾಡಿ ಹೊಟ್ಟೆ ಹೊರೆದುಕೊಂಡಿತು ಎಂಬುದು ಆಮೇಲಿನ ಮಾತು. ಯುದ್ಧಕ್ಕೆಂದು ತೆಗೆದುಕೊಂಡ ಪಿಳ್ಳಪ್ಪನಿಗೆ ಅಲ್ಲಿಯವರೆಗೆ ಕಾಯುವ ಶಕ್ತಿ ಎಲ್ಲಿಯದು? ಊರೆಲ್ಲ ಸಿಹಿ ಹಂಚುವ ದಿನ ಇವರಿಬ್ಬರ ಮುಖ ಸಪ್ಪಗಿರುವ ಚಿತ್ರ ನಾನಂತೂ ನೋಡಿಲ್ಲ.

ಕಳೆದ ಭಾನುವಾರ ನಮ್ಮ ತಾರಸಿಯ ಮೇಲೆ ರಿಹರ್ಸಲ್. ಮುನಿತಾಯಮ್ಮನ ಪಾತ್ರಕ್ಕೆ ಮಂಡ್ಯದ ಕಡೆಯ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಒಗೆಯುವುದನ್ನು ಇಸ್ತ್ರಿ ಅಂಗಡಿಯ ಅಜ್ಜಿಯಿಂದ ಕಲಿತು ಬಂದಿದ್ದಳು. ಅವಳು ಒದ್ದೆ ಬೆಡ್‌ಶೀಟನ್ನು ತಲೆಯ ಮೇಲಿಂದ ತಿರುಗಿಸಿ ಕಲ್ಲಿಗೆ ಬಡಿದಾಗ ಕೆಳಗಿನ ಮನೆಯವರು ಏನಾಯಿತೆಂದು ಮೇಲೆ ಓಡಿಬಂದರು; ಸೌಂಡಿನವನು ಮಾತ್ರ ಕಣ್ಣುಮುಚ್ಚಿ ಕೂತಿದ್ದ. ಹೀರೊ ಕೂದಲು ಕತ್ತರಿಸಿಕೊಂಡು ಬಂದಿದ್ದ. ಪಾಪ, ಕಿವಿ ಅಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲವಂತೆ. ಅವನು ಬಂದು ಯುದ್ಧ ಮುಗಿಯಿತಂತೆ, ನಮ್ಮನ್ನು ಕೆಲಸದಿಂದ ತೆಗೆದರು ಎನ್ನಬೇಕು. ಅವಳು ಬಟ್ಟೆ ಕೈಬಿಟ್ಟು, ಕಣ್ಣು ತುಂಬಿಕೊಂಡು ಅವನನ್ನೇ ನೋಡಬೇಕು. ಬರೆದಿದ್ದದ್ದು ಹಾಗೆ.

ಅವನು ಹೇಳಿದ. ಹುಡುಗಿ ಬಟ್ಟೆ ಕೈಬಿಡಲಿಲ್ಲ. ಎರಡೇಟು ಬಡಿದು, ಹಿಂಡುತ್ತಾ, ತಲೆ ಎತ್ತದೆ, "ಬಾಕಿ ಸಂಬ್ಳ ಕೊಟ್ರಾ?" ಎಂದಳು.

ಹೀರೊಗೆ ಮಾತೇ ಇಲ್ಲ, ಬರೆದಿರಲಿಲ್ಲವಲ್ಲ. ಡೈರೆಕ್ಟರು ನಿಲ್ಲಿಸಿ ಅನ್ನಲೂ ಇಲ್ಲ. ಅವನು ಬೋಳು ಕುತ್ತಿಗೆ ಉಜ್ಜಿಕೊಂಡು ಸ್ವಲ್ಪ ಹೊತ್ತು ನಿಂತು, "ಸುಕ್ರವಾರ ಬಾ ಅಂದವ್ರೆ," ಎಂದ. ಹುಡುಗಿ ಬೆಡ್‌ಶೀಟಿನ ಒಂದು ತುದಿಯನ್ನು ಅವನ ಕಡೆ ಚಾಚಿದಳು, ಹಿಂಡಲು. ಕಲ್ಲಿನಿಂದ ದೂರ ನಿಲ್ಲಬೇಕಾದವನು ಮುಂದೆ ಬಂದು ಹಿಡಿದುಕೊಂಡ.

ನನ್ನ ಅಕ್ಕನ ಮಗಳು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಾಳೆ. ಶುಕ್ರವಾರ ಸಂಬಳ ಕೊಡುತ್ತಾರೋ ಇಲ್ಲವೋ ಎಂಬ ಬಗ್ಗೆ ತಂಡದಲ್ಲಿ ಈಗ ಎರಡು ಪಕ್ಷ. ಕಾಲೇಜಿನವರು ಹದಿನೈದು ನಿಮಿಷಕ್ಕಿಂತ ಒಂದು ಸೆಕೆಂಡೂ ಹೆಚ್ಚು ಕೊಡುವುದಿಲ್ಲವಂತೆ.